ಅಡುಗೆಮನೆಯಿಂದ ಆಚೆಗೆ: ಕೆಮ್ಮಣ್ಣಿನ ಬೆಟ್ಟಕ್ಕೆ ಅತ್ತೆಯವರ ಜೊತೆ



ಗುಬ್ಬಿಯಿಂದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. "ಮಕ್ಕಳಿಗೆ ರಜ ಬಂತೆಂದರೆ ದೇವಸ್ಥಾನ, ಇಲ್ಲದಿದ್ದರೆ ನೆಂಟರ ಮನೆ. ಇವೆರಡನ್ನೂ ಬಿಟ್ಟು, ಮಕ್ಕಳು ಮುದುಕರು ಎಲ್ಲರೂ ಹೋಗಿ ಏನಾದರೂ ತಿಳಿದುಕೊಂಡು ಬರುವಂಥ ಜಾಗ ಇದ್ದರೆ ತಿಳಿಸಿ" ಎಂದು ಕೇಳಿದ್ದಾರೆ. ಅವರಿಗೆ ನನ್ನ ಉತ್ತರ: ಒಂದು ಹಳೇ ಗಣಿಗೆ ಹೋಗಿ ಬನ್ನಿ.

"ಗಣಿಯೇ? ಅಲ್ಲಿ ನಮ್ಮಂಥವರಿಗೇನು ಕೆಲಸ?" ಎಂದು ಮೂಗು ಮುರಿಯಬೇಡಿ. ಹೋದ ಡಿಸೆಂಬರಿನವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ನಮ್ಮ ಹಿರೇಹಳ್ಳಿಯಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಕೈಗಾರಿಕಾ ಪ್ರದೇಶಕ್ಕೆ ಹೋಗುವ ಲಾರಿಗಳ ಸದ್ದಿಗೇ ನಮಗೆ ಬೆಳಗಾಗುವುದು. ಮನೆಯೊಳಗೆ ಬಂದರೆ ಕಾವಲಿ, ಈಳಿಗೆಮಣೆ, ಬಾಣಲೆ, ಬಾವಿಯ ಗಡಗಡೆ ಎಲ್ಲವೂ ಕಬ್ಬಿಣವೇ. ಆದರೆ ಇದು ಎಲ್ಲಿಂದ ಬಂತು, ಯಾರು ತೆಗೆದರು, ಯಾರು ಹೊತ್ತರು ಎಂದು ಒಂದು ದಿನವಾದರೂ ಕೇಳಿಕೊಂಡಿದ್ದುಂಟೆ? ನಾನಂತೂ ಕೇಳಿಕೊಂಡಿರಲಿಲ್ಲ.

ಆಗಿದ್ದು ಹೀಗೆ. ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ಕೆಮ್ಮಣ್ಣುಗುಂಡಿಗೆ ಹೋಗೋಣವೆಂದು ಮಾತಾಡಿಕೊಂಡೆವು. ನಮ್ಮ ಅತ್ತೆಯವರಿಗೆ ಈಗ ಎಪ್ಪತ್ತಾರು. ಯಾವ ಪ್ರವಾಸಕ್ಕೆ ಕರೆದರೂ ಅವರದು ಒಂದೇ ಮಾತು: "ನೀವ್ ಹೋಗ್ಬನ್ನಿ, ಮನೆ ನೋಡ್ಕಂಡು ನಾನಿರ್ತೀನಿ." ಈ ಸಲವೂ ಅದೇ ಉತ್ತರವೆಂದು ನಾನು ಕೇಳಲೂ ಇಲ್ಲ. ಸಂಜೆ ನನ್ನ ಮಗಳು, "ಅಜ್ಜಿ, ಅದು ಮೊದಲು ಕಬ್ಬಿಣದ ಗಣಿ ಇದ್ದ ಬೆಟ್ಟವಂತೆ" ಎಂದು ಹೇಳುತ್ತಿದ್ದಳು. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯವರ ಕೈ ನಿಂತಿತು. "ಹಂಗಾದ್ರೆ ನಾನೂ ಬತ್ತೀನಿ" ಅಂದರು. "ಮೊಣಕಾಲು ನೋವು ಅಂತೀರಲ್ಲ ಅತ್ತೆ?" ಅಂದೆ. "ಕಾಲು ನಂದು ಕಣಮ್ಮಿ, ನಾನ್ ನೋಡ್ಕೋತೀನಿ" ಅಂದುಬಿಟ್ಟರು!

ತುಮಕೂರಿನಲ್ಲಿ ರೈಲು ಹತ್ತಿದರೆ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು ದಾಟಿ ತರೀಕೆರೆ. ಅಲ್ಲಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ಮೇಲೆ ಹಾದು ಬಾಬಾಬುಡನ್‌ಗಿರಿ ಸಾಲಿನಲ್ಲಿರುವ ಕೆಮ್ಮಣ್ಣುಗುಂಡಿಗೆ ಜೀಪಿನಲ್ಲಿ ಹೋದೆವು. ಬೆಟ್ಟ ಹತ್ತುತ್ತಾ ಹೋದಂತೆ ರಸ್ತೆಯ ಪಕ್ಕದ ಮಣ್ಣು ಕೆಂಪಾಗುತ್ತಾ ಹೋಗುತ್ತದೆ. ಕೆಮ್ಮಣ್ಣಿನ ಗುಂಡಿ ಎಂಬ ಹೆಸರೇ ಅದರ ಜಾತಕ ಹೇಳುತ್ತದಲ್ಲವೇ? ಸಮುದ್ರ ಮಟ್ಟದಿಂದ 1,400 ಮೀಟರಿಗೂ ಎತ್ತರದ ಈ ಜಾಗ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರವಾಗಿತ್ತು. ಅವರ ನೆನಪಿಗೇ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರೂ ಇದೆ. ನಮಗೆ ಗೊತ್ತಿರುವುದು ಅಲ್ಲಿನ ಹೂದೋಟ, ಗುಲಾಬಿ, ಝಡ್ ಪಾಯಿಂಟ್, ಹೆಬ್ಬೆ ಜಲಪಾತ. ಬಂದವರೆಲ್ಲ ಇಷ್ಟು ನೋಡಿ ಫೋಟೋ ತೆಗೆದುಕೊಂಡು ಹಿಂತಿರುಗುತ್ತಾರೆ.

ನಾವು ಅಲ್ಲಿಯ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡೆವು. ಐವತ್ತು ದಾಟಿದವರು, ತಂದೆ ಗಣಿಯಲ್ಲಿ ದುಡಿದವರಂತೆ. "ಹೂವು ಆಮೇಲೆ ನೋಡೋಣ, ಮೊದಲು ಮಣ್ಣು ನೋಡಿ" ಎಂದು ನಮ್ಮನ್ನು ನಿಧಾನವಾಗಿ ನಡೆಸಿಕೊಂಡು ಹೋದರು. ಅವರು ಹೇಳಿದ್ದನ್ನು ನಿಮಗೂ ಚುಟುಕಾಗಿ ಹೇಳುತ್ತೇನೆ.

ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ನಮ್ಮ ರಾಜ್ಯದ ಅದಿರಿನಿಂದ ನಾವೇ ಕಬ್ಬಿಣ ಮಾಡಬೇಕೆಂಬ ಯೋಜನೆ ಆಗಲೇ ಗಟ್ಟಿಯಾಯಿತು. ಭದ್ರಾವತಿಯಲ್ಲಿ ಕಾರ್ಖಾನೆ ಕಟ್ಟಿ, 1923ರ ಜನವರಿಯಲ್ಲಿ ಕುಲುಮೆಯಿಂದ ಮೊದಲ ಕಬ್ಬಿಣ ಹರಿಸಿದರು. ಆ ಕುಲುಮೆಗೆ ಬೇಕಾದ ಅದಿರು ಹೋಗುತ್ತಿದ್ದದ್ದು ಈ ಬೆಟ್ಟದಿಂದ. ಮೇಲಿನಿಂದ ತಂತಿಗೆ ನೇತುಹಾಕಿದ ತೊಟ್ಟಿಗಳಲ್ಲಿ ಅದಿರು ಕೆಳಗಿನ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಸಣ್ಣ ಗೇಜಿನ ರೈಲಿನಲ್ಲಿ ಭದ್ರಾವತಿಗೆ. ಕಲ್ಲಿದ್ದಲು ನಮ್ಮಲ್ಲಿ ಇಲ್ಲವಲ್ಲ, ಹಾಗಾಗಿ ಕುಲುಮೆಗೆ ಹಾಕುತ್ತಿದ್ದದ್ದು ಕಾಡಿನ ಮರ ಸುಟ್ಟು ಮಾಡಿದ ಇದ್ದಿಲು. ಅಂದರೆ ಒಂದೊಂದು ಕಾವಲಿಯ ಹಿಂದೆ ಒಂದಷ್ಟು ಬೆಟ್ಟ, ಒಂದಷ್ಟು ಕಾಡು ಎರಡೂ ಕರಗಿದೆ. ಈಗ ಇಲ್ಲಿ ಗಣಿ ಕೆಲಸ ನಿಂತಿದೆ. ಅಗೆದ ಮೆಟ್ಟಿಲುಗಳಂಥ ಗುಡ್ಡದ ಮೇಲೆ ಹುಲ್ಲು, ಪೊದೆ ಹಬ್ಬಿಕೊಂಡಿವೆ. ನಾವು ಗುಂಡಿಗೆ ಇಳಿಯಲಿಲ್ಲ, ಮೇಲಿನ ದಾರಿಯಿಂದಲೇ ನೋಡಿದೆವು.

ಜೊತೆಯವರು ಮಕ್ಕಳಿಗೆ ಒಂದು ಆಟ ತೋರಿಸಿದರು. ಕಪ್ಪಗೆ ಹೊಳೆಯುವ ಒಂದು ಕಲ್ಲನ್ನು ಒರಟು ಬಂಡೆಯ ಮೇಲೆ ಉಜ್ಜಿದರು. ಕಲ್ಲು ಕಪ್ಪು, ಬಿದ್ದ ಗೆರೆ ಮಾತ್ರ ಕುಂಕುಮದ ಹಾಗೆ ಕೆಂಪು! ಇದು ಹೆಮಟೈಟ್ ಎಂಬ ಅದಿರು. ಗ್ರೀಕ್ ಭಾಷೆಯಲ್ಲಿ ರಕ್ತಕ್ಕಿರುವ ಮಾತಿನಿಂದಲೇ ಈ ಹೆಸರು ಬಂದಿದೆ. ಹಬ್ಬಕ್ಕೆ ನಾವು ಹೊಸ್ತಿಲಿಗೆ, ಗೋಡೆಯ ಅಂಚಿಗೆ ಬಳಿಯುವ ಕೆಮ್ಮಣ್ಣಿನ ಕೆಂಪೂ ಇದೇ ಕಬ್ಬಿಣದ್ದು. ಸ್ವೀಡನ್ ದೇಶದ ಫಾಲುನ್ ಎಂಬ ಊರಿನಲ್ಲಿ ದೊಡ್ಡ ತಾಮ್ರದ ಗಣಿಯಿತ್ತು. 1992ರಲ್ಲಿ ಮುಚ್ಚಿತು, 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಗಣಿಯ ಕೆಂಪು ಮಣ್ಣಿನಿಂದ ಮಾಡಿದ ಬಣ್ಣವನ್ನೇ ಆ ದೇಶದವರು ಮರದ ಮನೆಗಳಿಗೆ ಬಳಿಯುತ್ತಾರೆ. ಕೆಂಪಿನ ಮೇಲಿನ ಆಸೆ ಎಲ್ಲ ಊರಿನಲ್ಲೂ ಒಂದೇ ನೋಡಿ. ಅಲ್ಲಿ ಇವತ್ತು ಮಾರ್ಗದರ್ಶಕರು ತಲೆಗೆ ಟೋಪಿ ಹಾಕಿಸಿ, ಬಂದವರನ್ನು ಸುರಂಗದೊಳಗೆ ನಡೆಸಿಕೊಂಡು ಹೋಗಿ ಕಥೆ ಹೇಳುತ್ತಾರೆ. ಪೋಲೆಂಡಿನ ವೆಲಿಚ್ಕಾ ಉಪ್ಪಿನ ಗಣಿಯಲ್ಲೂ ಹಾಗೆಯೇ. ನಮ್ಮ ಕೋಲಾರದ ಚಿನ್ನದ ಗಣಿ 1880ರಿಂದ 2001ರ ಫೆಬ್ರವರಿಯವರೆಗೆ ನಡೆಯಿತು, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿಗೆಂದೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಎಳೆದರು. ಇಷ್ಟೆಲ್ಲ ಇದ್ದೂ ನಮ್ಮ ಗಣಿಗಳ ಕಥೆಯನ್ನು ನಾವು ನಮ್ಮ ಮಕ್ಕಳಿಗೆ ಹೇಳುವುದು ಕಡಿಮೆ.

ಇಷ್ಟು ಹೊತ್ತೂ ಅತ್ತೆಯವರು ಕೋಲೂರಿಕೊಂಡು ಹಿಂದೆ ಬರುತ್ತಿದ್ದರು, ತುಟಿ ಪಿಟಿಕ್ ಅಂದಿರಲಿಲ್ಲ. ಜೊತೆಯವರು ಆ ಕಲ್ಲನ್ನು ಮಕ್ಕಳ ಕೈಗೆ ಕೊಟ್ಟು, "ಎಷ್ಟು ಭಾರ ನೋಡಿ" ಅಂದರು. ಕಲ್ಲು ಕೈಯಿಂದ ಕೈಗೆ ಹೋಗಿ ಅತ್ತೆಯವರ ಹತ್ತಿರ ಬಂತು. ಅವರು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿದರು. ತರಕಾರಿ ಅಂಗಡಿಯಲ್ಲಿ ನಾವು ಕುಂಬಳಕಾಯಿ ತೂಗುವುದಿಲ್ಲವೇ, ಹಾಗೆ.

"ಇದು ಒಳ್ಳೇದು. ಆ ಕಡೆ ಬಿದ್ದೈತಲ್ಲ, ಅದರಾಗೆ ಬರೀ ಕಲ್ಲು ಬೆರಕೆ. ಅದ್ನ ಮಂಕರಿಗೆ ಹಾಕಿದ್ರೆ ಮೇಸ್ತ್ರಿ ಸುರುವಿಸಿಬಿಡ್ತಿದ್ದ" ಅಂದರು.

ಎಲ್ಲರೂ ತಿರುಗಿ ನೋಡಿದೆವು. ಜೊತೆಯವರು, "ಅಮ್ಮಾ, ನಿಮಗೆ ಹೆಂಗೆ ಗೊತ್ತು?" ಅಂದರು.

"ನಾನೂ ಹೊತ್ತಿದ್ದೀನಪ್ಪ."

ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷ. ಈ ಮಾತು ಕೇಳಿದ್ದು ಅದೇ ಮೊದಲು. ಅವರ ಹೊಟ್ಟೆಯಲ್ಲಿ ಹುಟ್ಟಿದ ನಮ್ಮ ಮನೆಯವರಿಗೂ ಗೊತ್ತಿರಲಿಲ್ಲ.

ಅಲ್ಲೇ ಒಂದು ಬಂಡೆಯ ಮೇಲೆ ಕೂತುಕೊಂಡು ಹೇಳಿದರು. ಅವರ ತವರು ಚಿಕ್ಕನಾಯಕನಹಳ್ಳಿ ಕಡೆ. 1966ರ ಸುಮಾರಿನಲ್ಲಿ ಮಳೆ ಕೈಕೊಟ್ಟು, ತಂದೆ ಕಾಯಿಲೆ ಬಿದ್ದು, ಮದುವೆಗೆ ಮುಂಚೆ ಎರಡು ವರ್ಷ ತಾಯಿಯ ಜೊತೆ ಬೆಟ್ಟದ ಗಣಿಗೆ ಕೂಲಿಗೆ ಹೋದರಂತೆ. ಗಂಡಸರು ಹಾರೆ ಗುದ್ದಲಿ ಹಿಡಿದು ಅಗೆಯೋರು. ಹೆಂಗಸರು ಸುತ್ತಿಗೆಯಲ್ಲಿ ಕುಟ್ಟಿ, ಕಲ್ಲು ಬೇರೆ ಅದಿರು ಬೇರೆ ಆರಿಸಿ, ಮಂಕರಿಗೆ ತುಂಬಿ, ತಲೆಗೆ ಸಿಂಬೆ ಇಟ್ಟು ಹೊತ್ತು ಲಾರಿ ಹತ್ತಿರ ಸುರಿಯೋರು. "ಅಕ್ಕಿ ಆರಿಸಿದ ಹಂಗೇ ಕಣಮ್ಮಿ. ಕಣ್ಣಿಗಿಂತ ಕೈಗೇ ಮೊದಲು ಗೊತ್ತಾಗ್ತಿತ್ತು" ಅಂದರು.

ನೀವೇ ಲೆಕ್ಕ ಹಾಕಿ. ಒಂದು ಲೀಟರ್ ನೀರಿನ ತೂಕ 1 ಕೆ.ಜಿ. ಅಷ್ಟೇ ಗಾತ್ರದ ಸಾಮಾನ್ಯ ಕಲ್ಲು ಎರಡೂವರೆ ಕೆ.ಜಿ.ಗೆ ಸ್ವಲ್ಪ ಹೆಚ್ಚು. ಒಳ್ಳೆಯ ಹೆಮಟೈಟ್ ಆದರೆ ಸುಮಾರು 5 ಕೆ.ಜಿ. ಮಂಕರಿ ಅದೇ, ಹೊರೆ ಮಾತ್ರ ಎರಡರಷ್ಟು. ಮಂಕರಿಗೊಂದರಂತೆ ಮಡಿಲಿಗೆ ಒಂದು ಹುಣಸೆಬೀಜ ಹಾಕಿಕೊಳ್ಳುತ್ತಿದ್ದರಂತೆ. ಸಂಜೆ ಮಡಿಲು ಬಿಚ್ಚಿ ಎಣಿಸಿದರೆ ನಲವತ್ತು. ಮೇಸ್ತ್ರಿಯ ಪುಸ್ತಕದಲ್ಲಿ ಮೂವತ್ತೈದು. "ನಮ್ಮವ್ವ ಬೀಜ ತೋರಿಸಿ ಕೇಳಿದ್ಲು. ಹುಣಸೆಬೀಜಕ್ಕೆ ಯಾರು ದುಡ್ಡು ಕೊಡ್ತಾರೆ ಅಂತ ನಕ್ಕ. ಅವ್ವ ಮಾರನೇ ದಿನಾನೂ ಬೀಜ ಕಟ್ಕಂಡೇ ಹೋದ್ಲು."

ನಮ್ಮ ಮನೆಯವರು ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ, "ಯಾಕಮ್ಮ ಒಂದಿನಾನೂ ಹೇಳಲಿಲ್ಲ?" ಅಂದರು.

"ಗಣಿ ಕೂಲಿಗೆ ಹೋದ ಹುಡುಗಿ ಅಂದ್ರೆ ಹಿರೇಹಳ್ಳಿಯೋರು ಒಪ್ಪಲ್ಲ ಅಂತ ನಮ್ಮಪ್ಪ ಬಾಯಿ ಕಟ್ಟಿದ್ರು. ಆಮೇಲೆ ನಿಮ್ಮಪ್ಪನಿಗೆ ಹೇಳೋ ಧೈರ್ಯ ಬರಲಿಲ್ಲ. ನೀನಂತೂ ಯಾವತ್ತು ಕೇಳ್ದೆ?"

ಈ ಮಾತಿಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ.

ಅಲ್ಲಿಂದ ಮುಂದಕ್ಕೆ ನಮ್ಮ ಮಾರ್ಗದರ್ಶಕರು ಬದಲಾದರು. ಮುಂದೆ ಮುಂದೆ ಅತ್ತೆಯವರು, ಅವರ ಕೈ ಹಿಡಿದು ನನ್ನ ಮಗಳು, ಹಿಂದೆ ಆ ಊರಿನವರೂ ನಾವೂ. ಯಾವ ಕಲ್ಲು ಸುತ್ತಿಗೆಗೆ ಬೇಗ ಒಡೆಯುತ್ತದೆ, ಇಳಿಜಾರಿನಲ್ಲಿ ಹೊರೆ ಹೊತ್ತು ಕಾಲು ಹೇಗೆ ಅಡ್ಡ ಇಡಬೇಕು, ಸಿಂಬೆಗೆ ಯಾವ ಬಟ್ಟೆ ಒಳ್ಳೆಯದು ಎಲ್ಲ ಹೇಳಿದರು. ಜೊತೆಗೆ ಬಂದವರು, "ನಮ್ಮಪ್ಪನ ಕಥೆ ನನಗೆ ಗೊತ್ತಮ್ಮ, ಹೆಂಗಸರ ಕಥೆ ಇವತ್ತೇ ಕೇಳಿದ್ದು" ಅಂದರು. ಹೊರಡುವಾಗ ಮಗಳು ಕಲ್ಲನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದಳು. ಅತ್ತೆಯವರೇ ತಡೆದು, "ಬೆಟ್ಟದ್ದು ಬೆಟ್ಟಕ್ಕಿರಲಿ" ಎಂದು ಇಸಿದುಕೊಂಡು ಇದ್ದಲ್ಲೇ ಇಟ್ಟರು.

ಊರಿಗೆ ಬಂದ ಮೇಲೆ ನಾನು ಸ್ವಲ್ಪ ಓದಿಕೊಂಡೆ. ನಮ್ಮ ತುಮಕೂರು ಸೀಮೆಗೆ ಕಬ್ಬಿಣ ಹೊಸದಲ್ಲ. ಟಿಪ್ಪು ಸುಲ್ತಾನ್ ತೀರಿಕೊಂಡ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಈ ಸೀಮೆಯನ್ನೆಲ್ಲ ಸುತ್ತಿದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಚಿಕ್ಕನಾಯಕನಹಳ್ಳಿ ಹತ್ತಿರದ ಗುಡ್ಡದ ಕಬ್ಬಿಣದ ಅದಿರಿನ ವಿಷಯವಿದೆ. ಮಧುಗಿರಿ ಕಡೆ ಮಳೆಗಾಲದ ತೊರೆಗಳು ತರುವ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ಮಾಡುತ್ತಿದ್ದುದನ್ನೂ ಬರೆದಿದ್ದಾನೆ. ಹತ್ತಿರದ ಕಾಲಕ್ಕೆ ಬಂದರೆ, ಗಣಿಗಾರಿಕೆ ಮಿತಿಮೀರಿ ಊರು, ಹೊಲ, ಕೆರೆ ಎಲ್ಲ ಧೂಳು ತಿಂದಾಗ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿ ಕೆಲಸ ನಿಲ್ಲಿಸಿತು. ಆಮೇಲೆ ಷರತ್ತು ಹಾಕಿ ಕೆಲವಕ್ಕೆ ಮಾತ್ರ ಅವಕಾಶ ಕೊಟ್ಟಿತು. ಹೆಂಗಸರ ಮಟ್ಟಿಗೆ ಹೇಳುವುದಾದರೆ, 1952ರ ಗಣಿ ಕಾಯಿದೆ ಅವರನ್ನು ನೆಲದಡಿಯ ಕೆಲಸಕ್ಕೂ ರಾತ್ರಿಯ ಕೆಲಸಕ್ಕೂ ಬಿಡಲಿಲ್ಲ, ಹಗಲಲ್ಲಿ ಮೇಲಿನ ಕೆಲಸಕ್ಕೆ ಬಿಟ್ಟಿತು. ಹಾಗಾಗಿ ಬಯಲು ಗಣಿಗಳಲ್ಲಿ ಕುಟ್ಟಿದ್ದು, ಆರಿಸಿದ್ದು, ಹೊತ್ತಿದ್ದು ನಮ್ಮ ಅತ್ತೆಯಂಥವರು. 2019ರಲ್ಲಿ ಆ ನಿಯಮ ಸಡಿಲವಾಗಿ, ಓದಿದ ಹೆಣ್ಣುಮಕ್ಕಳು ಈಗ ಷರತ್ತುಗಳ ಮೇಲೆ ನೆಲದಡಿಯ ತಾಂತ್ರಿಕ ಕೆಲಸಕ್ಕೂ ಇಳಿಯಬಹುದು.

ಇನ್ನೊಂದು ಮಾತು. ಇಷ್ಟು ಕಬ್ಬಿಣ ಹೊತ್ತ ನಾಡಿನ ಹೆಂಗಸರ ಮೈಯಲ್ಲೇ ಕಬ್ಬಿಣ ಸಾಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ. ಸುಸ್ತು, ಏದುಸಿರು, ಕಣ್ಣು ಕತ್ತಲೆ ಬರುವುದು ಇದ್ದರೆ "ಅಯ್ಯೋ, ಕೆಲಸ ಜಾಸ್ತಿ" ಎಂದು ತಳ್ಳಿಹಾಕದೆ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ. ಸೊಪ್ಪಿನ ಪಲ್ಯಕ್ಕೆ ಇಳಿಸುವ ಮುಂಚೆ ನಿಂಬೆರಸ ಹಿಂಡಿ. ಊಟದ ಜೊತೆಗೇ ಕಾಫಿ ಟೀ ಬೇಡ, ಒಂದು ಗಂಟೆ ತಡೆದು ಕುಡಿಯಿರಿ.

ಗುಬ್ಬಿಯ ಸೋದರಿಗೂ, ಹೊರಡಬೇಕೆಂದಿರುವ ಉಳಿದವರಿಗೂ ಈ ಕೆಲವು ಸೂಚನೆಗಳು:

1. ಹಳೇ ಗಣಿಗೆ ನಿಮ್ಮಷ್ಟಕ್ಕೆ ನೀವೇ ಹೋಗಬೇಡಿ. ಜಾಗ ಬಲ್ಲ ಸ್ಥಳೀಯರೊಬ್ಬರು ಜೊತೆಗಿರಲೇಬೇಕು. ಕೂಲಿ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ, ಚೌಕಾಸಿ ಮಾಡಿ ಅವರ ಹೊಟ್ಟೆ ಉರಿಸಬೇಡಿ.

2. ಅರಣ್ಯ ಇಲಾಖೆಯ ಅಥವಾ ಗಣಿಯವರ ಅಪ್ಪಣೆ ಬೇಕಾದ ಕಡೆ ಅಪ್ಪಣೆ ಪಡೆದೇ ಹೋಗಿ. ಬೇಲಿ, ಫಲಕ ಇರುವ ಕಡೆ ಅಲ್ಲಿಗೇ ನಿಲ್ಲಿ. ಕೆಲಸ ನಡೆಯುತ್ತಿರುವ ಗಣಿಗೆ ಮಕ್ಕಳನ್ನು ಕರೆದೊಯ್ಯಲೇಬೇಡಿ.

3. ನೀರು ನಿಂತ ಗಣಿಗುಂಡಿ ನೋಡಲು ಕೆರೆಯ ಹಾಗಿರುತ್ತದೆ, ಆದರೆ ಕೆರೆಯಂತೆ ಮೆಲ್ಲಗೆ ಆಳವಾಗುವುದಿಲ್ಲ. ಅಂಚಿನಲ್ಲೇ ಆಳ, ಜಾರುವ ಮಣ್ಣು. ಕಾಲು ತೊಳೆಯಲೂ ಇಳಿಯಬೇಡಿ.

4. ಸುರಂಗದ ಬಾಯಿ ಕಂಡರೆ ಇಣುಕುವ ಆಸೆಯಾಗುತ್ತದೆ. ಒಳಗೆ ಕೆಟ್ಟ ಗಾಳಿ ಇರಬಹುದು, ಮೇಲಿನ ಮಣ್ಣು ಕುಸಿಯಬಹುದು. ಲಂಟಾನದ ಪೊದೆಯ ಅಡಿ ಮುಚ್ಚಿಹೋದ ಗುಂಡಿಗಳೂ ಇರುತ್ತವೆ. ದಾರಿ ಬಿಡಬೇಡಿ.

5. ಮಳೆಗಾಲ ಬೇಡ. ಜಾರಿಕೆಯ ಜೊತೆಗೆ ಉಂಬಳಗಳ ಕಾಟ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಬೆಟ್ಟದ ಮೇಲೆ ಚಳಿ, ಸ್ವೆಟರ್ ಮರೆಯಬೇಡಿ.

6. ಬಿಳಿ ಬಟ್ಟೆ ಉಡಬೇಡಿ, ಕೆಮ್ಮಣ್ಣಿನ ಕಲೆ ಸುಲಭಕ್ಕೆ ಹೋಗುವುದಿಲ್ಲ. ಒಣಗಿದ ಮೇಲೆ ಮೊದಲು ಕೊಡವಿ, ಆಮೇಲೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ಒಗೆಯಿರಿ. ಬಣ್ಣದ ಬಟ್ಟೆಯಾದರೆ ಒಂದು ಮೂಲೆಯಲ್ಲಿ ಪರೀಕ್ಷಿಸಿಕೊಳ್ಳಿ.

7. ವಯಸ್ಸಾದವರನ್ನು ಮನೆ ಕಾಯಲು ಬಿಟ್ಟು ಹೋಗಬೇಡಿ. ಇದು ನಾನು ಕಲಿತ ಪಾಠ.

ದಾರಿಗೆ ಏನು ಕಟ್ಟಿಕೊಳ್ಳುವುದು ಅಂತೀರಾ? ನಾವು ಒಯ್ದದ್ದು ರಾಗಿ ಹುರಿಹಿಟ್ಟಿನ ಉಂಡೆ. ಗಣಿಗೆ ಹೋಗುವಾಗ ಅತ್ತೆಯವರ ತಾಯಿ ಕಟ್ಟಿಕೊಡುತ್ತಿದ್ದದ್ದೂ ಬರೀ ಹುರಿಹಿಟ್ಟು, ಒಂದು ಚೂರು ಬೆಲ್ಲ.

ಬೇಕಾಗುವ ಸಾಮಾನು: ರಾಗಿ ಹುರಿಹಿಟ್ಟು 2 ಲೋಟ, ಪುಡಿ ಮಾಡಿದ ಬೆಲ್ಲ 1 ಲೋಟ, ತುರಿದ ಒಣಕೊಬ್ಬರಿ ಅರ್ಧ ಲೋಟ (ತಿಪಟೂರಿನದಾದರೆ ಕೇಳುವುದೇ ಬೇಡ), ಹುರಿಗಡಲೆ ಅರ್ಧ ಲೋಟ, ಹುರಿದ ಎಳ್ಳು ಕಾಲು ಲೋಟ, ಏಲಕ್ಕಿ 4, ತುಪ್ಪ 3 ಚಮಚ.

ಮಾಡುವ ವಿಧಾನ: ಹುರಿಗಡಲೆಯನ್ನು ತರಿತರಿಯಾಗಿ ಪುಡಿ ಮಾಡಿ ಹುರಿಹಿಟ್ಟು, ಕೊಬ್ಬರಿ, ಎಳ್ಳು, ಏಲಕ್ಕಿ ಪುಡಿಯ ಜೊತೆ ಬೆರೆಸಿ. ಬೆಲ್ಲಕ್ಕೆ ಅರ್ಧ ಲೋಟ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಯ ಮೇಲಿಟ್ಟು ಬೆರಳಿಗೆ ಅಂಟುವಷ್ಟು ಕಾಯಿಸಿ. ಪಾಕ ಗಟ್ಟಿಯಾದರೆ ಉಂಡೆ ಕಲ್ಲಾಗುತ್ತದೆ, ಜೋಕೆ. ಬಿಸಿ ಪಾಕವನ್ನು ಸ್ವಲ್ಪ ಸ್ವಲ್ಪವಾಗಿ ಹಿಟ್ಟಿಗೆ ಸುರಿಯುತ್ತಾ, ತುಪ್ಪ ಸೇರಿಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಿ. ಪಾಕ ಹೆಚ್ಚೆನಿಸಿದರೆ ಪೂರ್ತಿ ಹಾಕಬೇಡಿ. ನಾಲ್ಕೈದು ದಿನ ಕೆಡುವುದಿಲ್ಲ.

ನಮ್ಮ ಮನೆಯ ವಿಷಯ ಹೇಳಿ ಮುಗಿಸುತ್ತೇನೆ. ಈಗ ರಾತ್ರಿ ಊಟವಾದ ಮೇಲೆ ನನ್ನ ಮಗಳು ನೋಟ್‌ಬುಕ್ ಹಿಡಿದು ಅಜ್ಜಿಯ ಹತ್ತಿರ ಕೂರುತ್ತಾಳೆ. ಒಂದೊಂದೇ ಪ್ರಶ್ನೆ, ಒಂದೊಂದೇ ಉತ್ತರ. ಹನ್ನೆರಡು ಪುಟ ಆಗಿದೆ. ನಮ್ಮ ಮನೆಯವರೂ ಟೀವಿ ಆರಿಸಿ ಪಕ್ಕದಲ್ಲಿ ಕೂತಿರುತ್ತಾರೆ. ಮುಂದಿನ ತಿಂಗಳು ಚಿಕ್ಕನಾಯಕನಹಳ್ಳಿ ಕಡೆ ಅತ್ತೆಯವರ ತವರಿಗೆ ಹೋಗಿ, ದೂರದಿಂದಲಾದರೂ ಆ ಬೆಟ್ಟ ನೋಡಿ ಬರೋಣವೆಂದು ಅವರೇ ಹೇಳಿದ್ದಾರೆ.

ನಿಮ್ಮ ಮನೆಯಲ್ಲೂ ಗಣಿಗೋ, ಇಟ್ಟಿಗೆ ಗೂಡಿಗೋ, ರಸ್ತೆ ಕೆಲಸಕ್ಕೋ ಹೋಗಿದ್ದು ಹೇಳಿಕೊಳ್ಳದೇ ಇರುವ ಹಿರಿಯರಿರಬಹುದು. ಇವತ್ತು ರಾತ್ರಿಯೇ ಕೇಳಿ. ಅವರು ಹೇಳಿದ್ದನ್ನು ನಮಗೂ ಒಂದು ಕಾಗದದಲ್ಲಿ ಬರೆದು ಕಳಿಸಿ.